ಮಾದಯ್ಯನಿಗೆ ಸಿಗದ ಕುರ್ಚಿ

ಈಸ್ಟರ್‌ಗೆ ಮೊದಲಿನ ಪವಿತ್ರ ಗುರುವಾರ, ಯೇಸು ಹನ್ನೆರಡು ಶಿಷ್ಯರ ಪಾದ ತೊಳೆದ ನೆನಪಿಗೆ, ಪೀಠದ ಮುಂದೆ ಕುರ್ಚಿಯಲ್ಲಿ ಕೂರಿಸಿ ಪಾದ ತೊಳೆಯುವ ವಿಧಿಗೆ ಆರಿಸಿದ ಹನ್ನೆರಡು ಮಂದಿಯಲ್ಲಿ ಫಾದರ್ ಜಯಪ್ರಕಾಶ್ ಈ ಸಲ ಮಾದಯ್ಯನ ಹೆಸರನ್ನೂ ಬರೆದಿದ್ದರು. ಮಾದಯ್ಯ ಮದ್ದೂರಿನಲ್ಲಿ ಚರಂಡಿ ಬಳಿಯುವವನು. ಜ್ಞಾನಸ್ನಾನ ಪಡೆದು ಕ್ರೈಸ್ತನಾಗಿ ಹನ್ನೊಂದು ವರ್ಷವಾದರೂ ಹಿಂದಿನ ಬೆಂಚು ಬಿಟ್ಟು ಮುಂದೆ ಬಂದವನಲ್ಲ.

ಸುದ್ದಿ ಕೇಳಿ ಅವನು ತನ್ನ ಕಾಲನ್ನೇ ನೋಡಿಕೊಂಡ. "ಈ ಕಾಲ್ನಾ ಸ್ವಾಮಿ? ಚರಂಡೀಲಿ ನಿಂತು ನಿಂತು ಒಡ್ದೋಗವೆ."

"ಯೇಸುಸ್ವಾಮಿ ತೊಳೆದದ್ದೂ ಅಂಥ ಕಾಲನ್ನೇ ಮಾದಯ್ಯ."

ಗುರುವಾರ ಮಧ್ಯಾಹ್ನ ಅಂತೋಣಪ್ಪ ಬಂದರು. ಚರ್ಚಿಗೆ ಜಾಗ ಕೊಟ್ಟ ಮನೆತನದವರು. "ನಾನೇನೂ ಭೇದ ಮಾಡ್ತಿಲ್ಲ ಫಾದರ್. ಆದ್ರೆ ಅವ್ನ ಕಾಲು ತೊಳ್ದ ಕೈಲೇ ಪರಮಪ್ರಸಾದ ಕೊಟ್ಟೀರಾ? ನಮ್ಮೋರು ಯಾರೂ ಕೂರಕಿಲ್ಲ ಅಂತಾವ್ರೆ. ಮುಂದಿನ್ ವರ್ಸ ನೋಡವ, ಬುಡಿ."

ಉತ್ತರ ಫಾದರ್ ಜಯಪ್ರಕಾಶರ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಹನ್ನೊಂದು ಖಾಲಿ ಕುರ್ಚಿಗಳು ಕಣ್ಣ ಮುಂದೆ ಬಂದವು. "ಆಯ್ತು" ಅಂದುಬಿಟ್ಟರು. ಮಾದಯ್ಯನಿಗೆ ತಾವೇ ಹೋಗಿ ಹೇಳಬೇಕೆಂದುಕೊಂಡರು. ಮುಖ ತೋರಿಸಲಾಗದೆ ಹೊತ್ತು ಕಳೆದರು.

ಸಂಜೆ ಮಾದಯ್ಯ ಬಿಳಿ ಪಂಚೆಯುಟ್ಟು ಬಂದ. ಕಲ್ಲಿನಿಂದ ತಿಕ್ಕಿ ತಿಕ್ಕಿ ಹಿಮ್ಮಡಿಯ ಬಿರುಕಿನಲ್ಲಿ ರಕ್ತ ಜಿನುಗಿತ್ತು. ಹನ್ನೆರಡು ಕುರ್ಚಿಗಳೂ ತುಂಬಿದ್ದವು. ತಪ್ಪಿ ನೋಡಿದೆನೇನೋ ಎಂಬಂತೆ ಇನ್ನೊಮ್ಮೆ ನೋಡಿದ. ಆಮೇಲೆ ಫಾದರ್ ಕಡೆ ನೋಡಿದ. ಅವರು ತಲೆ ತಗ್ಗಿಸಿದರು. ಹೆಂಡತಿ ಮಾಯಮ್ಮ ಕೈ ಹಿಡಿದು ಅವನನ್ನು ಹಿಂದಿನ ಬೆಂಚಿಗೆ ಕರೆದೊಯ್ದಳು. ಪೂಜೆ ಮುಗಿಯುವವರೆಗೂ ಇಬ್ಬರೂ ಕೂತೇ ಇದ್ದರು.

ಶುಕ್ರವಾರ ಅವರು ಬರಲಿಲ್ಲ. ಶನಿವಾರ ಫಾದರ್ ಅವರ ಮನೆಗೆ ಹೋದರು. ಮಾದಯ್ಯ ಇದ್ದ ಒಂದೇ ಕುರ್ಚಿ ಕೊಟ್ಟು, ತಾನು ನಿಂತ.

"ತಪ್ಪು ಮಾಡಿದೆ ಮಾದಯ್ಯ. ಹೆದರಿಬಿಟ್ಟೆ."

"ಓಗ್ಲಿ ಬುಡಿ ಸ್ವಾಮಿ."

"ಎಂಗೆ ಓಗ್ಲಿ ಅಂತೀಯ?" ಬಾಗಿಲಲ್ಲಿದ್ದ ಮಾಯಮ್ಮ ತಡೆದಳು. "ಗುಡಿ ಒಳೀಕೆ ಬುಡ್ನಿಲ್ಲ ಅಂತ ನಿಮ್ತಾವ ಬಂದೊ ಸ್ವಾಮಿ. ದೇವ್ರ ಮುಂದೆ ಎಲ್ರೂ ಒಂದೇ ಅಂತ ನೀವೇ ಏಳಿದ್ರಿ. ಅಂತೋಣಪ್ಪೋರು ಬ್ಯಾಡ ಅಂದುದ್ಕಲ್ಲ ಇವ್ರು ಅತ್ತುದ್ದು. ನೀವು ತಲೆ ತಗ್ಸುದ್ರಲ್ಲ, ಅದ್ಕೆ."

ಫಾದರ್ ಕುರ್ಚಿ ಬಿಟ್ಟು ಎದ್ದರು.

ಈಸ್ಟರ್ ದಿನ ಪೀಠದ ಮುಂದೆ ನಿಂತು ನಡೆದದ್ದನ್ನೆಲ್ಲ ಮುಚ್ಚದೆ ಹೇಳಿದರು. "ಒಬ್ಬ ಮನುಷ್ಯನನ್ನು ಕೀಳು ಮಾಡಿ ನಾನು ಪ್ರಭುವಿನ ಹೆಸರು ಹೇಳಿದೆ. ಇನ್ನು ಮುಂದೆ ಈ ಚರ್ಚಿನಲ್ಲಿ ಯಾರಿಗೂ ಮುಂದಿನ ಸಾಲು, ಹಿಂದಿನ ಸಾಲು ಅಂತಿಲ್ಲ." ಮಾತು ಮುಗಿಯುವ ಮೊದಲೇ ಅಂತೋಣಪ್ಪನವರು ಎದ್ದರು, ಅವರ ಹಿಂದೆ ಅರ್ಧ ಚರ್ಚು ಎದ್ದುಹೋಯಿತು. ಉಳಿದವರು ಸುಮ್ಮನೆ ಮುಂದೆ ಬಂದು ಒತ್ತೊತ್ತಾಗಿ ಕೂತರು.

ಮಾದಯ್ಯ ಮಾತ್ರ ಬರಲಿಲ್ಲ, ಆಮೇಲೂ ಬರಲಿಲ್ಲ. ಪೇಟೆಯಲ್ಲಿ ಎದುರಾದರೆ ಕೈ ಒರೆಸಿಕೊಂಡು, "ನಮಸ್ಕಾರ ಸ್ವಾಮಿ, ಚೆನ್ನಾಗಿದ್ದೀರಾ?" ಎಂದು ಕೇಳುತ್ತಾನೆ. ಭಾನುವಾರ ಬಾ ಎಂದು ಕರೆಯಲು ಫಾದರ್ ಜಯಪ್ರಕಾಶರಿಗೆ ಇವತ್ತಿಗೂ ಬಾಯಿ ಬಂದಿಲ್ಲ.