ಒಳಪಟ್ಟಿ

ಟೈಲರಮ್ಮ ಬ್ಲೇಡಿನ ತುದಿಯಿಂದ ಬಿಳಿ ಅಂಗಿಯ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದಳು. ಸತ್ತವನ ತಂಗಿ ಎದುರಿನ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದಳು. ನಿನ್ನೆಯಷ್ಟೇ ದೂರದಿಂದ ಬಂದವಳು; ಈ ಅಂಗಡಿ ಅವಳಿಗೆ ಹೊಸದು.

“ಎರಡು ವಾರ ಆಸ್ಪತ್ರೇಲಿದ್ದು ಅಣ್ಣನ ಮೈಯೆಲ್ಲಾ ಊದ್ಕೊಂಡಿದೆ. ಎದೆ ಹತ್ರ ಗುಂಡಿ ಹಾಕೋಕೇ ಆಗ್ತಿಲ್ಲ. ಹನ್ನೊಂದಕ್ಕೆ ಗಾಡಿ ಬರುತ್ತೆ, ಟೈಲರಮ್ಮ.”

“ಒಳಗೆ ಒಂದಿಂಚು ಬಟ್ಟೆ ಬಿಟ್ಟಿದೀನಿ. ಆಗುತ್ತೆ ಬಿಡಿ.”

ಅಂಗಿಯ ಒಳಭಾಗ ಮೇಲಾದಾಗ ತಂಗಿ ಬಗ್ಗಿ ನೋಡಿದಳು. ಗುಂಡಿಗಳ ಸಾಲಿನ ಹಿಂದೆ, ಕತ್ತಿನಿಂದ ಹೊಟ್ಟೆಯವರೆಗೆ, ನೀಲಿ ಹೂವಿನ ತೆಳು ಬಟ್ಟೆಯ ಪಟ್ಟಿಯೊಂದಿತ್ತು.

“ಇದೇನು?”

“ಹಾರ್ಟ್ ಆಪರೇಷನ್ ಆಗಿತ್ತಲ್ಲ. ಗಾಯಕ್ಕೆ ಗುಂಡಿ ಒತ್ತುತ್ತೆ ಅಂತಿದ್ರು.”

“ಅದಾಗಿ ಇಪ್ಪತ್ಮೂರು ವರ್ಷ ಆಯ್ತು. ಗಾಯ ಯಾವಾಗಲೋ ಮಾಗಿತ್ತಲ್ವಾ?”

“ಮಾಗಿತ್ತು.”

“ಮತ್ತೆ?”

ಟೈಲರಮ್ಮ ಸೂಜಿಗೆ ದಾರ ಪೋಣಿಸಿದಳು. ಮೂರನೇ ಸಲಕ್ಕೆ ಹೋಯಿತು. “ಅವರು ಬೇಡ ಅನ್ನಲಿಲ್ಲ. ನಾನೂ ಬಿಡಲಿಲ್ಲ.”

“ಬಟ್ಟೆ ಯಾವುದು ಇದು?”

“ನಂದೇ, ಹಳೇದು. ತೊಳೆದೂ ತೊಳೆದೂ ಮೆತ್ತಗಾಗಿರುತ್ತಲ್ಲ.”

ತಂಗಿ ಆಮೇಲೆ ಗಡಿಯಾರ ನೋಡಲಿಲ್ಲ.

*

ಬೀದಿಗೆಲ್ಲ ಅವನು ತಕ್ಕಡಿಯಣ್ಣ. ಅಂಗಡಿಗಳ ತಕ್ಕಡಿ ರಿಪೇರಿ ಅವನ ಕಸುಬು. ಮುಳ್ಳು ಕೂದಲೆಳೆಯಷ್ಟು ವಾಲಿದರೂ ನಿದ್ದೆಗೆಡುವ ಆಸಾಮಿ. ನಲವತ್ಮೂರನೇ ವಯಸ್ಸಿನಲ್ಲಿ, ಅಂತೂ ಇಂತೂ, ಅವನಿಗೂ ಟೈಲರಮ್ಮನಿಗೂ ಮದುವೆಯ ಮಾತಾಗಿತ್ತು. ಯಾರಿಗೂ ಹೇಳುವ ಮೊದಲೇ ಎದೆನೋವು ಬಂತು. ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಮೂರು ಕಡೆ ಬೈಪಾಸ್ ಮಾಡಿದರು. ಎರಡು ತಿಂಗಳ ಮೇಲೆ, ಕೆಮ್ಮಿದಾಗ ಎದೆಗೆ ಒತ್ತಿಕೊಳ್ಳುವ ಪುಟ್ಟ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಅವಳ ಅಂಗಡಿಗೆ ಬಂದ.

“ಡಾಕ್ಟರು ಹತ್ತು ವರ್ಷ ಅಂದ್ರು.”

“ಹತ್ತು ವರ್ಷ ಏನು ಕಡಿಮೆನಾ?”

“ಆಮೇಲೆ ನೀವು ಒಬ್ಬರೇ ಆಗ್ತೀರಿ. ಕಡಿಮೆ ಇದೆ ಅಂತ ಗೊತ್ತಿದ್ದೂ ತೂಗಿ ಕೊಟ್ಟರೆ ಅದು ಮೋಸ.”

ಈಗೇನು ನಾನು ಇಬ್ಬರಿದ್ದೀನಾ ಎಂದು ಕೇಳಬೇಕೆನ್ನಿಸಿತು ಅವಳಿಗೆ. ಸಿಟ್ಟೂ ಬಂತು, ಅಳುವೂ ಬಂತು. ಬಾಯಿಗೆ ಬಂದದ್ದು ಮಾತ್ರ ಬೇರೆ. “ಗುಂಡಿ ಒತ್ತುತ್ತಾ?” ಎಂದಳು.

ಅವನು ದಿನಾ ಬೆಳಗ್ಗೆ ನಡೆದ, ಉಪ್ಪು ಬಿಟ್ಟ, ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಹತ್ತು ವರ್ಷ ತುಂಬಿದ ವಾರ ತಪಾಸಣೆ ಮುಗಿಸಿ ಆಸ್ಪತ್ರೆಯಿಂದ ನೇರ ಅವಳ ಅಂಗಡಿಗೇ ಬಂದ.

“ಡಾಕ್ಟರು ನಕ್ಕುಬಿಟ್ರು. ಹತ್ತು ಅಂದಿದ್ದು ಕಡಿಮೆ ಅಂದ್ರೆ ಹತ್ತು ಅಂತ, ಗಡುವಲ್ಲ ಅಂದ್ರು. ಇನ್ನೆಷ್ಟು ಅಂತ ಕೇಳಿದೆ. ಚೆನ್ನಾಗಿದೀರಿ, ಹೋಗಿ ಬದುಕಿ ಅಂದ್ರು.”

ಅವಳು ಕತ್ತರಿ ಕೆಳಗಿಟ್ಟು ಮುಂದಿನ ಮಾತಿಗೆ ಕಾದಳು. ಅವನು ಕಿಟಕಿ ನೋಡಿದ, ಚಪ್ಪಲಿ ನೋಡಿದ. ಕೊನೆಗೆ, “ಎರಡು ಅಂಗಿ ಹೊಲೀಬೇಕಿತ್ತು,” ಎಂದ. ಅವಳಾದರೂ ಬಾಯಿಬಿಟ್ಟು ಕೇಳಬಹುದಿತ್ತು. ಟೇಪು ತೆಗೆದು ಎದೆಯಳತೆ ತೆಗೆದುಕೊಂಡಳು. ಹಾಗೇ ಇನ್ನೂ ಹದಿಮೂರು ವರ್ಷ ಹೋಯಿತು.

*

ಅವನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಮೊದಲ ಸಾಲು ನೆಂಟರದು. ಟೈಲರಮ್ಮ ಅವನ ಗಿರಾಕಿಗಳ ಹಿಂದೆ ನಿಂತು, ತನ್ನ ಸರದಿ ಬಂದಾಗ ಒಂದು ಗಳಿಗೆ ಅವನನ್ನು ನೋಡಿದಳು. ಅಂಗಿ ಸರಿಯಾಗಿ ಕೂತಿತ್ತು. ಮೇಲಿನ ಗುಂಡಿಯನ್ನೂ ಯಾರೋ ಬಿಗಿಯಾಗಿ ಹಾಕಿದ್ದರು. ಅವನು ಅದನ್ನು ಯಾವತ್ತೂ ಹಾಕುತ್ತಿರಲಿಲ್ಲ. ಬಿಚ್ಚಬೇಕೆಂದು ಕೈ ಮುಂದಾಯಿತು. ಹಿಂದಿನವರು ಕೆಮ್ಮಿದರು. ಅವಳು ಹೋಗಿ ಕೊನೆಯ ಸಾಲಿನಲ್ಲಿ ಕೂತಳು.

ಅವಳ ಮುಂದೆಯೇ ಔಷಧಿ ಅಂಗಡಿಯವನೂ ದಿನಸಿ ಅಂಗಡಿಯವನೂ ಕೂತಿದ್ದರು.

“ಹೃದಯ ಕೊನೇವರೆಗೂ ಗಟ್ಟಿ ಇತ್ತಂತೆ. ಹೋಗಿದ್ದು ನ್ಯುಮೋನಿಯಾದಲ್ಲಿ,” ಎಂದ ಔಷಧಿಯವನು.

“ಹತ್ತು ವರ್ಷ ಅಂದಿದ್ರು, ಇಪ್ಪತ್ಮೂರು ತಳ್ಳಿದ. ಏನು ಪಥ್ಯ, ಏನು ನಡಿಗೆ! ಮದುವೆ ಅಂತ ಒಂದು ಮಾಡ್ಕೊಳ್ಳಲಿಲ್ಲ, ಅಷ್ಟೇ.”

“ಅದಕ್ಕೇ ಬದುಕಿದ ಬಿಡಿ.”

ಇಬ್ಬರೂ ತಲೆ ತಗ್ಗಿಸಿ ನಕ್ಕರು. ಬೇರೆ ಯಾರ ವಿಷಯವಾದರೂ ಆಗಿದ್ದರೆ ಟೈಲರಮ್ಮನೂ ನಗುತ್ತಿದ್ದಳು.

ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ತಂಗಿ ಬೀರುವಿನಿಂದ ಅಣ್ಣನ ಅಂಗಿಗಳನ್ನು ಒಂದೊಂದಾಗಿ ತೆಗೆದು ಒಳಭಾಗ ಹೊರಳಿಸಿ ನೋಡುತ್ತಿದ್ದಳು. ಒಂದೊಂದರೊಳಗೂ ಒಂದೊಂದು ಪಟ್ಟಿ: ಹಸಿರು ಗೆರೆ, ಕಂದು ಚೌಕಳಿ, ಮಾಸಿದ ಹಳದಿ. ಟೈಲರಮ್ಮನ ಅಷ್ಟು ವರ್ಷಗಳ ಬಟ್ಟೆಗಳೆಲ್ಲ ಮಂಚದ ಮೇಲೆ ಬೀಳುತ್ತಿದ್ದವು. ಅವಳಿಗೆ ನಾಚಿಕೆಯಾಗಿ ಮುಖ ತಿರುಗಿಸಿದಳು.

ಗಾಡಿ ಬಂತು. ಹಿಂದೆ ಒಂದೇ ಒಂದು ಕಾರು.

“ಕಾರಿಗೆ ಮನೆಯವರು ಮಾತ್ರ ಬನ್ನಿ. ಬೇರೆಯವರೆಲ್ಲ ಇಲ್ಲಿಂದಲೇ ಹೊರಡಬಹುದು,” ಎಂದ ತಂಗಿಯ ಗಂಡ.

ಔಷಧಿಯವನು ಎದ್ದ, ದಿನಸಿಯವನು ಎದ್ದ. ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಜೊತೆಗೆ ಹೋಗಬೇಕೆಂದು ಟೈಲರಮ್ಮನ ಜೀವ ಹೊಯ್ದಾಡಿತು. ಆದರೆ ಏನಂತ ಹೇಳಿ ಕಾರು ಹತ್ತುವುದು? ಅಂಗಿ ಹೊಲಿದವಳು ಅಂತಲೇ? ಅವಳು ಚೀಲ ಎತ್ತಿಕೊಂಡಳು.

ತಂಗಿ ಹೊಸ್ತಿಲವರೆಗೆ ಹೋದವಳು ನಿಂತಳು. ಕೈಯಲ್ಲಿ ಇನ್ನೂ ಒಂದು ಅಂಗಿಯಿತ್ತು. ಖಾಲಿ ಕುರ್ಚಿಗಳ ಆಚೆ ಕಣ್ಣು ಹಾಯಿಸಿದಳು.

“ಅತ್ತಿಗೆ,” ಎಂದು ಕರೆದಳು. “ಬನ್ನಿ, ಕಾರಲ್ಲಿ ಜಾಗ ಇದೆ.”

ಯಾರನ್ನು ಕರೆಯುತ್ತಿದ್ದಾಳೆಂದು ಟೈಲರಮ್ಮ ಹಿಂದೆ ತಿರುಗಿ ನೋಡಿದಳು. ಹಿಂದೆ ಬರೀ ಗೋಡೆಯಿತ್ತು.