ಹೆಣಕ್ಕೇನು ಅವಸರ

“ಹೆಣಕ್ಕೇನಯ್ಯಾ ಅವಸರ? ಎದ್ದು ಎಲ್ಲಿಗಾದ್ರೂ ಓಡಿಹೋಗುತ್ತಾ?”

ಹೀಗೆ ಕೇಳಿದವರು ನಮ್ಮ ಮೇಷ್ಟ್ರು. ಸಮಾಜವಾದದ ಮೇಲೆ ಆರು ಪುಸ್ತಕ ಬರೆದವರು. ನಾವು ಹಾಳೆ ಮಡಚಿ ಹೊಲಿಯುವ ಬೈಂಡಿಂಗ್ ಅಂಗಡಿಯ ಮಾಲೀಕರೂ ಅವರೇ. ಕೇಳಿಸಿಕೊಂಡು ನಿಂತವನು ಕಟಿಂಗ್ ಮಿಷಿನ್ನಿನ ಭಾಯಿ. ಬೆಳಗ್ಗೆ ಅವನ ತಾಯಿ ತೀರಿಕೊಂಡಿದ್ದಳು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕಿತ್ತು.

“ಸಂಜೆ ಏಳಕ್ಕೆ ಮಂತ್ರಿಗಳು ನನ್ನ ಹೊಸ ಪುಸ್ತಕ ಬಿಡುಗಡೆ ಮಾಡ್ತಾರೆ. ಇನ್ನೂರು ಪುಸ್ತಕದ ಅಂಚು ಕತ್ತರಿಸಿ ಆಮೇಲೆ ಹೋಗು. ಧರ್ಮ ಅನ್ನೋದು ಬಡವನಿಗೆ ಹಾಕಿದ ಮೂಗುದಾರ ಕಣಯ್ಯಾ. ನಿಮ್ಮ ಇಸ್ಲಾಂ ಬಗ್ಗೆ ಒಂದಿಡೀ ಅಧ್ಯಾಯ ಬರ್ದಿದೀನಿ, ಗೊತ್ತಾ?”

ಆ ಅಧ್ಯಾಯ ಮಡಚಿದವಳು ನಾನೇ. ಪ್ರಪಂಚದ ದೊಡ್ಡ ಸಮಾಜವಾದಿಗಳಲ್ಲಿ ಒಬ್ಬ ಇಸ್ಲಾಮನ್ನು ವ್ಯಾಪಾರಿಗಳ ಧರ್ಮ ಅಂದಿದ್ದನಂತೆ, ಇನ್ನೊಬ್ಬ ಗುಲಾಮರು ತಲೆಯೆತ್ತಿದ ದಂಗೆ ಅಂದಿದ್ದನಂತೆ. ಮೇಷ್ಟ್ರು ಇಬ್ಬರ ಬೆನ್ನೂ ತಟ್ಟಿ ನಲವತ್ತು ಪುಟ ಎಳೆದಿದ್ದರು.

“ಗುಲಾಮ ತಲೆ ಎತ್ತಿದ್ದು ಸರಿ ಅಂತ ನೀವೇ ಬರ್ದಿದೀರಲ್ಲ ಮೇಷ್ಟ್ರೇ. ಇವನನ್ನ ಕಳಿಸಿ,” ಎಂದೆ.

“ಮುಚ್ಕೊಂಡು ಮಡಚೇ, ಮುಂಡೆ!”

ನನ್ನ ಗಂಡ ಮನೆಯಲ್ಲಿ ಕಲ್ಲುಗುಂಡಿನ ಹಾಗಿದ್ದಾನೆ. ಸಮಾಜವಾದಿಯ ಬಾಯಲ್ಲಿ ನಾನು ಮುಂಡೆ. ಮೈಯೆಲ್ಲ ಉರಿಯಿತು.

ಭಾಯಿ ಮಿಷಿನ್ ಆಫ್ ಮಾಡಿ ಹೊರಟ. ಅದನ್ನು ನಡೆಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ. “ಹೊಸ್ತಿಲು ದಾಟಿದವರಿಗೆ ನಾಳೆಯಿಂದ ಕೆಲಸ ಇಲ್ಲ!” ಎಂದು ಮೇಷ್ಟ್ರು ಕೂಗಿದರು. ಆದರೂ ಉಳಿದ ಆರು ಜನ ನಾವೂ ಎದ್ದೆವು.

ಖಬರಸ್ತಾನದ ಬಾಗಿಲಲ್ಲಿ ಮುಲ್ಲಾ ಸಾಹೇಬರು ಕೈ ಅಡ್ಡ ಹಿಡಿದರು. “ಹೆಂಗಸರು ಹೊರಗೇ ಇರಿ.”

“ಸತ್ತೋಳೂ ಹೆಂಗಸೇ ಅಲ್ವಾ? ಅವಳನ್ನೂ ಹೊರಗೇ ಇಡ್ತೀರಾ?” ಎಂದು ನುಗ್ಗಿದೆ. ಹೊತ್ತು ಮುಳುಗುವ ಮೊದಲೇ ಮುದುಕಿ ಮಣ್ಣು ಸೇರಿದಳು. ನಾನೂ ಒಂದು ಹಿಡಿ ಹಾಕಿದೆ.

ಮರಳುವ ದಾರಿಯಲ್ಲೇ ಸಭಾಂಗಣ. ವೇದಿಕೆಯ ಮೇಲೆ ಮಂತ್ರಿಗಳು ಇಸ್ಲಾಮಿನ ಅಧ್ಯಾಯ ಓದಲು ಹೆಣಗುತ್ತಿದ್ದರು. ಅಂಚು ಕತ್ತರಿಸದ ಪುಸ್ತಕ. ಮಡಿಕೆಯಲ್ಲಿ ಕೂಡಿಕೊಂಡೇ ಇದ್ದ ಹಾಳೆಗಳು ಬಿಚ್ಚಿಕೊಳ್ಳುತ್ತಿರಲಿಲ್ಲ. ಮೇಷ್ಟ್ರು ಬೆರಳು ತೂರಿಸಿ ಎಳೆದರು. ಪರ್ರೆಂದು ಪುಟವೇ ಹರಿಯಿತು. ಬಾಗಿಲಲ್ಲಿ ನಮ್ಮನ್ನು ಕಂಡು ಮೈಕಿನಲ್ಲೇ ಹಲ್ಲು ಗಿಂಜಿದರು.

“ಬಾಪ್ಪಾ ಭಾಯಿ, ಸ್ವಲ್ಪ ಬಿಡಿಸಿಕೊಡು ಬಾ.”

ಭಾಯಿ ಸೀದಾ ಒಳಗೆ ನಡೆದ. ಮುಂದಿನ ಸಾಲಿನ ಮೆತ್ತನೆ ಕುರ್ಚಿಯಲ್ಲಿ, ಗಣ್ಯರ ಪಕ್ಕ, ಮಣ್ಣು ಮೆತ್ತಿದ ಕಾಲು ಚಾಚಿ ಕೂತ. ನಾವೂ ಕೂತೆವು.

“ಓದ್ರಿ ಮೇಷ್ಟ್ರೇ,” ಎಂದ, “ಕೇಳ್ತೀವಿ.”