ಅರ್ಧಕ್ಕೆ ಬಂದರೆ ಇರಲಿ

ಮಂಚದ ಕಂಬಿಗೆ ಉಂಗುರ ಒಂದು ಸಲ ತಗುಲಿದರೆ ‘ಕೊಡಬಹುದು’ ಎಂದರ್ಥ, ಎರಡು ಸಲ ತಗುಲಿದರೆ ‘ದುಬಾರಿ’. ಲಕ್ವ ಹೊಡೆದು ಮಾತೂ ಬಲಗಡೆಯ ಮೈಯೂ ಹೋದ ಮೇಲೆ ಅತ್ತೆಗೆ ಉಳಿದದ್ದು ಎಡಗೈ, ಅದರ ನಡುಬೆರಳಿನ ದಪ್ಪ ಉಂಗುರ, ಮತ್ತು ಎದುರು ಗೋಡೆಯ ಟಿವಿ. ಟಿವಿಯಲ್ಲಿ ಅವರು ನೋಡುತ್ತಿದ್ದುದು ಹಳೆಯ ಸಾಮಾನು ಹರಾಜು ಹಾಕುವ ಒಂದೇ ಒಂದು ಚಾನೆಲ್. ಯಾರದೋ ಮನೆಯ ಗಡಿಯಾರ, ಹಿಡಿ ಮುರಿದ ಹೂಜಿ, ಕುಂಟು ಕುರ್ಚಿ ಒಂದೊಂದಾಗಿ ಮೇಜಿನ ಮೇಲೆ ಬರುತ್ತಿದ್ದವು. ಕೂಗುವವನು ಬೆಲೆ ಏರಿಸುತ್ತಾ ಹೋಗುತ್ತಿದ್ದ. ಅತ್ತೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದು, ಯಾವುದೋ ಒಂದು ಹಂತಕ್ಕೆ ಬೆಲೆ ಮುಟ್ಟಿದ ಕೂಡಲೇ ಟಣ್ ಟಣ್ ಎಂದು ಎರಡು ಬಡಿಯುತ್ತಿದ್ದರು. ಅಲ್ಲಿಂದಾಚೆ ಕೊಂಡವನು ದಡ್ಡ.

ಅವರಿಗೆ ಅದು ಬರೀ ಹೊತ್ತು ಕಳೆಯುವ ಆಟವಲ್ಲ. ಗಂಡ ತೀರಿಕೊಂಡ ಮೇಲೆ ಹಳೆ ಸಾಮಾನಿನ ಅಂಗಡಿ ನಡೆಸಿ ಮಗನನ್ನು ದೊಡ್ಡವನನ್ನಾಗಿ ಮಾಡಿದವರು ಅವರು. ಊರು ಬಿಟ್ಟು ಹೋಗುವವರು, ಸತ್ತವರ ಕೋಣೆ ಖಾಲಿ ಮಾಡುವವರು ಅವರಿಗೇ ಹೇಳಿಕಳಿಸುತ್ತಿದ್ದರು. ಹೊಸ್ತಿಲು ದಾಟದೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಒಳಗಿದ್ದುದಕ್ಕೆಲ್ಲ ಒಂದು ಬೆಲೆ ಕಟ್ಟಿಬಿಡುತ್ತಿದ್ದರು. ಮಾರುಕಟ್ಟೆಯಲ್ಲಿ ಅವರ ಬೆನ್ನ ಹಿಂದೆ ಜನ ‘ತಕ್ಕಡಿ’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಇಷ್ಟವೂ ಆಗಿತ್ತು.

ಸೊಸೆ ಕಾಲೇಜು ಓದಿದವಳು. ಅತ್ತೆ ಹಾಸಿಗೆ ಹಿಡಿಯುವವರೆಗೆ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಯಾರ ಹತ್ತಿರವಾದರೂ ಬೆಲೆ ಇಳಿಸಿ ಎನ್ನುವುದಕ್ಕೆ ಮುಂಚೆಯೇ ಅವಳ ಕಿವಿ ಕೆಂಪಾಗುತ್ತಿತ್ತು. “ಇವಳ ಮುಖ ಕಂಡ್ರೆ ಸಾಕು, ಅಂಗಡಿಯವನು ಬೆಲೆ ಚೀಟಿ ಕಿತ್ತು ಹೊಸದು ಅಂಟಿಸ್ತಾನೆ,” ಎಂದು ಅತ್ತೆ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದರು. ಆಮೇಲೆ ಅಡುಗೆಮನೆಗೆ ಬಂದು, ದನಿ ತಗ್ಗಿಸಿ ಪಾಠ ಹೇಳುತ್ತಿದ್ದರು. “ನೋಡಮ್ಮ, ಬೆನ್ನು ತೋರಿಸಬೇಕು. ಬೇಡ ಅಂತ ತಿರುಗಿ ನಡೀಬೇಕು. ಅಂಗಡಿ ಮೆಟ್ಟಿಲು ಇಳಿಯೋದ್ರೊಳಗೆ ಕೂಗ್ತಾನೆ. ಬೆನ್ನು ತೋರಿಸಿದೋರಿಗೇ ಬೆಲೆ ಇಳಿಯೋದು.”

ಈಗ ಆ ದನಿ ಇರಲಿಲ್ಲ. ಟಣ್, ಅಥವಾ ಟಣ್ ಟಣ್. ಗಂಜಿಗೂ ಅದೇ, ನೋಡಲು ಬಂದ ನೆಂಟರಿಗೂ ಅದೇ. ವಾರಕ್ಕೊಮ್ಮೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಅತ್ತೆಯ ಎಡಗೈಯನ್ನು ಎತ್ತಿ ಇಳಿಸಿ, “ಈ ಕೈ ನಾನು ಉಳಿಸ್ತಿಲ್ಲ, ಆ ಟಿವಿ ಉಳಿಸ್ತಿದೆ. ಬೆರಳಿಗೆ ಕೆಲಸ ಇರೋವರೆಗೂ ಕೈ ಇರುತ್ತೆ. ಆಸೆ ಬಿಟ್ರೋ, ಇದೂ ಮರದ ಕೊರಡೇ,” ಎಂದಿದ್ದಳು. ಸೊಸೆ ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಿದ್ದಳು. ದಿನವೂ ಬೆಳಿಗ್ಗೆ ಕೋಣೆಯ ಪರದೆ ಸರಿಸುವಾಗ ಮೊದಲು ಆ ಬೆರಳನ್ನೇ ನೋಡುತ್ತಿದ್ದಳು.

ಅವಳ ಗಂಡ ಕೆಲಸಕ್ಕಿದ್ದ ಮುದ್ರಣಾಲಯದಲ್ಲಿ ಪಾಳಿ ಕಡಿಮೆ ಮಾಡಿದರು. ಸಂಬಳ ಕುಗ್ಗಿದ ಮೊದಲ ತಿಂಗಳು ಅವನು ಊಟದ ಮೇಜಿನ ಮುಂದೆ ಕೂತು ಮನೆಯ ಖರ್ಚನ್ನೆಲ್ಲ ಬಾಯಲ್ಲೇ ಹೇಳುತ್ತಾ ಹೋದ. ಔಷಧಿ ಕಡಿಯುವಂತಿರಲಿಲ್ಲ, ಬಾಡಿಗೆಯೂ ಹಾಗೆಯೇ. ಟಿವಿಗೆ ಬಂದಾಗ ನಿಂತ.

“ಇನ್ನೂರು ಚಾನೆಲ್‌ಗೆ ದುಡ್ಡು ಕಟ್ತೀವಿ. ನೋಡೋದು ಒಂದು. ಅದೂ ಬೇರೆಯವರ ಮನೆ ಮುರುಕು ಸಾಮಾನು.”

“ರೀ, ಅತ್ತೆಗೆ ಇರೋದೇ ಅದೊಂದು.”

“ಗೊತ್ತು ಕಣೇ. ನನ್ನ ಅಮ್ಮ ಅಲ್ವಾ?” ಅವನು ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದ. “ಫೋನ್ ಮಾಡಿ ಕೇಳು. ಬಿಡ್ತೀವಿ ಅಂದ್ರೆ ಇಳಿಸ್ತಾರಂತೆ. ನಮ್ಮ ಮೇಸ್ತ್ರಿ ಹಾಗೇ ಇಳಿಸ್ಕೊಂಡ. ಅರ್ಧಕ್ಕೆ ಬಂದರೆ ಇರಲಿ. ಇಲ್ಲದಿದ್ರೆ ತೆಗಿಸಿಬಿಡು.”

“ನೀವೇ ಮಾತಾಡಿ.”

“ನಾನು ಮಾತಾಡಿದ್ರೆ ಜಗಳ ಆಗುತ್ತೆ. ನೀನು ಓದಿದವಳು, ತೂಕವಾಗಿ ಮಾತಾಡ್ತೀಯ.” ಸ್ವಲ್ಪ ತಡೆದು, “ತಕ್ಕಡಿ ಸೊಸೆ ಅನ್ನಿಸ್ಕೋ ಒಂದು ಸಲನಾದ್ರೂ,” ಎಂದ.

ಮರುದಿನ ಮಧ್ಯಾಹ್ನ ಅವಳು ಅತ್ತೆಯ ಕೋಣೆಯಲ್ಲೇ ಕೂತು ಫೋನ್ ಮಾಡಿದಳು, ಸ್ಪೀಕರ್ ಹಾಕಿ. ಹೇಳಬೇಕಾದುದನ್ನೆಲ್ಲ ಮನಸ್ಸಿನಲ್ಲಿ ಎರಡು ಮೂರು ಬಾರಿ ಹೇಳಿಕೊಂಡಿದ್ದಳು. ಟಿವಿಯ ಸದ್ದು ತಗ್ಗಿಸಿದಳು. ಹಿತ್ತಾಳೆಯ ಒಂದು ದೀಪ ಹರಾಜಿಗೆ ಬಂದಿತ್ತು. ಅತ್ತೆಯ ಕಣ್ಣು ದೀಪವನ್ನು ಬಿಟ್ಟು ಫೋನಿನ ಕಡೆ ತಿರುಗಿತು.

ಸಂಪರ್ಕ ಬಿಡುತ್ತೇವೆ ಎಂದ ಕೂಡಲೇ ಅವಳನ್ನು ಇನ್ನೊಂದು ಕಡೆಗೆ ದಾಟಿಸಿದರು. ಅಲ್ಲಿ ಒಬ್ಬ ಗಂಡಸು. ಶೀತ ಹಿಡಿದ ದನಿ, ಆದರೆ ಒರಟಲ್ಲ.

“ನಮ್ಮನ್ನ ಬಿಟ್ಟು ಹೋಗೋಷ್ಟು ಏನು ಬೇಜಾರಾಯ್ತು ಮೇಡಂ?”

“ಬೇಜಾರಲ್ಲ. ಕೊಡೋ ದುಡ್ಡಿಗೂ ನೋಡೋದಕ್ಕೂ ಸರಿಹೋಗ್ತಿಲ್ಲ.”

“ಯಾರು ನೋಡೋದು ಮನೇಲಿ?”

“ನಮ್ಮತ್ತೆ.”

“ಅತ್ತೇನ ಟಿವಿ ಮುಂದಿಂದ ಎಬ್ಬಿಸಿದ್ರೆ ಪೂರ್ತಿ ದಿನ ನಿಮ್ಮ ಹಿಂದೇನೇ ಇರ್ತಾರಲ್ಲ ಮೇಡಂ. ಯೋಚನೆ ಮಾಡಿ.”

ಅವನು ನಕ್ಕ. ಅವಳು ನಗಲಿಲ್ಲ. ಅತ್ತೆಯ ಬಾಯಿಯ ಎಡತುದಿ ಮಾತ್ರ ಸ್ವಲ್ಪ ಮೇಲೆದ್ದಿತು.

ಮೂರು ತಿಂಗಳ ಮಟ್ಟಿಗೆ ಕಾಲು ಭಾಗ ಬಿಡುತ್ತೇನೆ ಎಂದ. ಟಣ್ ಟಣ್. ಸೊಸೆ, “ಅದು ಆಗಲ್ಲ,” ಎಂದಳು. ಕಿವಿ ಬಿಸಿಯಾಗುತ್ತಿತ್ತು. ಅವನು ಸಿನಿಮಾ ಚಾನೆಲ್‌ಗಳನ್ನು ಪುಕ್ಕಟೆ ಸೇರಿಸುತ್ತೇನೆ ಎಂದ. ಅತ್ತೆ ಬೆರಳೆತ್ತುವ ಮೊದಲೇ ಅವಳು ಬೇಡವೆಂದಳು. ಬೇಡದ ಸರಕನ್ನು ಪುಕ್ಕಟೆ ಕೊಡುವವನು ಬೆಲೆಯನ್ನು ಬೇರೆ ಕಡೆ ಬಚ್ಚಿಟ್ಟಿರುತ್ತಾನೆ ಎಂಬುದೂ ಅಡುಗೆಮನೆಯ ಪಾಠವೇ. ಅವನು ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು.

“ನೋಡಿ ಮೇಡಂ, ನೀವು ಹಳೇ ಗ್ರಾಹಕರು. ಒಂದು ವರ್ಷ ಪೂರ್ತಿ, ಮೂರರಲ್ಲಿ ಒಂದು ಭಾಗ ಬಿಡ್ತೀನಿ. ಇದಕ್ಕಿಂತ ಕೆಳಗೆ ನನ್ನ ಕೈಯಲ್ಲಿಲ್ಲ.”

ಕೀಲಿಯ ಸದ್ದು ನಿಂತಿತು.

ಟಣ್.

ಒಂದೇ. ಸ್ಪಷ್ಟವಾಗಿ. ಸೊಸೆ ತಿರುಗಿ ನೋಡಿದಳು. ಅತ್ತೆ ಅವಳನ್ನೇ ದಿಟ್ಟಿಸುತ್ತಿದ್ದರು. ಎರಡನೆಯ ಬಡಿತಕ್ಕಾಗಿ ಅವಳು ಕಾದಳು. ಬರಲಿಲ್ಲ. ಅತ್ತೆಯ ಅಂಗೈ ಕಂಬಿಯ ಮೇಲೆ ಬಿಚ್ಚಿಕೊಂಡು ಮಲಗಿತು, ವ್ಯಾಪಾರ ಮುಗಿದಾಗ ಅವರು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಇಡುತ್ತಿದ್ದ ಹಾಗೆ.

ಆದರೆ ಗಂಡ ಹೇಳಿದ್ದು ಅರ್ಧ. ಮೂರರಲ್ಲಿ ಒಂದು ಭಾಗ ಇಳಿಸಿಕೊಂಡೆ ಎಂದರೆ ಅವನು ತಲೆಯಾಡಿಸಿ, ಅಷ್ಟು ಯಾರಿಗಾದರೂ ಕೊಡುತ್ತಾರೆ ಎನ್ನುತ್ತಿದ್ದ. ಅದೊಂದೇ ಆಗಿದ್ದರೆ ಅವನನ್ನು ಒಪ್ಪಿಸಬಹುದಿತ್ತೇನೋ. ಅವಳ ಬೇಡವನ್ನು ಕೇಳಿ ಫೋನಿನಾಚೆಯವನು ಎರಡು ಸಲ ಇಳಿದಿದ್ದ. ಯಾರೂ ಅವಳಿಗಾಗಿ ಹೀಗೆ ಇಳಿದವರಲ್ಲ. ಇನ್ನೊಂದು ಮೆಟ್ಟಿಲು ಉಳಿದಿದೆ ಎಂದು ಅವಳಿಗೆ ಅನ್ನಿಸಿತು. ಇದೇ ಕಡೆಯ ಬೆಲೆ ಎಂದು ಹೇಳದ ಅಂಗಡಿಯವನು ಎಲ್ಲಿದ್ದಾನೆ?

“ಅರ್ಧಕ್ಕೆ ಆಗುತ್ತಾ?”

“ಆಗಲ್ಲ ಮೇಡಂ.”

“ಹಾಗಾದ್ರೆ ಬೇಡ. ತೆಗೆದುಬಿಡಿ.”

“ಖಂಡಿತವಾಗಿಯೂ ತೆಗೆಯಲಾ?”

“ತೆಗೀರಿ,” ಎಂದು ಅವಳು ಫೋನ್ ಇಟ್ಟಳು.

ಫೋನನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಅದು ಬಡಿದುಕೊಳ್ಳಲಿ ಎಂದು ಕಾದಳು. ಮುಖದಲ್ಲಿ ಸಣ್ಣ ನಗೆಯೂ ಇತ್ತು. “ಕೂಗ್ತಾನೆ ನೋಡಿ ಅತ್ತೆ. ಮೆಟ್ಟಿಲು ಇಳಿಯೋದ್ರೊಳಗೆ.” ಪರದೆಯ ಮೇಲೆ ದೀಪದ ಬೆಲೆ ಏರುತ್ತಿತ್ತು. ಕೂಗುವವನು ಕೊಡತಿ ಎತ್ತಿದ. ಚಿತ್ರ ಅಲ್ಲೇ ನಿಂತಿತು, ಆಮೇಲೆ ಪರದೆ ಕಪ್ಪಾಯಿತು. ಟಿವಿ ಕೆಳಗಿನ ಪೆಟ್ಟಿಗೆಯಲ್ಲಿ ಕೆಂಪು ದೀಪವೊಂದು ಹತ್ತಿಕೊಂಡಿತು. ಅದೇ ಹೊತ್ತಿಗೆ ಅಂಗೈಯಲ್ಲಿದ್ದ ಫೋನ್ ನಡುಗಿತು. ಕರೆಯಲ್ಲ, ಸಂದೇಶ. ನಿಮ್ಮ ಕೋರಿಕೆಯಂತೆ ಸಂಪರ್ಕ ಕಡಿತಗೊಳಿಸಲಾಗಿದೆ.

ಅತ್ತೆ ಪರದೆಯನ್ನು ನೋಡಲಿಲ್ಲ. ಸೊಸೆಯನ್ನು ನೋಡಿದರು. ಸಿಟ್ಟಿನ ನೋಟವಾಗಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಅದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಸಾಮಾನಿಗೆ ಬೆಲೆ ಕಟ್ಟುವಾಗಿನ ನೋಟ.

ಅವಳು ಕೂಡಲೇ ಮತ್ತೆ ಫೋನ್ ಮಾಡಿದಳು. ಶೀತದ ದನಿಯವನು ಸಿಗಲಿಲ್ಲ. ಸಿಕ್ಕಿದ ಹುಡುಗಿ ಚಿಕ್ಕ ವಯಸ್ಸಿನವಳು, ಬಾಯಿಪಾಠ ಒಪ್ಪಿಸುವಂತೆ ಮಾತಾಡಿದಳು. “ನಿಮ್ಮದು ಹಳೇ ಪ್ಯಾಕ್ ಇತ್ತು ಮೇಡಂ. ಅದು ಈಗ ಕೊಡ್ತಿಲ್ಲ. ಹೊಸ ಸಂಪರ್ಕ ತಗೋಬಹುದು. ಪೂರ್ತಿ ದರ, ಒಂದು ವರ್ಷದ್ದು ಮುಂಗಡ.”

“ಇದೀಗ ತಾನೇ ತೆಗೆದಿದ್ದು. ಇನ್ನೂ ನಾನು ಕೂತ ಜಾಗದಿಂದ ಎದ್ದೂ ಇಲ್ಲ.”

“ನೀವೇ ಹೇಳಿದ್ದು ಅಂತ ದಾಖಲಾಗಿದೆ ಮೇಡಂ.”

“ನಾನು ಸುಮ್ಮನೆ ಹಾಗಂದೆ ಅಮ್ಮ. ಚೌಕಾಸಿಗೆ.”

ಹಾಗೆಂದರೇನು ಎಂದು ಹುಡುಗಿಗೆ ನಿಜಕ್ಕೂ ತಿಳಿಯಲಿಲ್ಲವೋ, ತಿಳಿದರೂ ಒತ್ತಲು ಅದಕ್ಕೊಂದು ಗುಂಡಿ ಇರಲಿಲ್ಲವೋ. ಬೇರೇನಾದರೂ ಸಹಾಯ ಬೇಕೆ ಎಂದು ಕೇಳಿದಳು.

ಗಂಡ ಬಂದು ಕೇಳಿಸಿಕೊಂಡ. ವರ್ಷದ ಮುಂಗಡ ಎಂದಾಗ ನಕ್ಕುಬಿಟ್ಟ, ಖುಷಿಯಿಂದಲ್ಲ. ಅಷ್ಟು ಹಣ ಹೊಂದಿಸಬೇಕಾದರೆ ವ್ಯಾಯಾಮದ ಹೆಂಗಸನ್ನು ಬಿಡಿಸಬೇಕು. “ಹೋಗ್ಲಿ ಬಿಡು. ಅಮ್ಮನಿಗೆ ಫೋನಲ್ಲೇ ಏನಾದ್ರೂ ತೋರಿಸು. ಎಲ್ಲ ಸಿಗುತ್ತಲ್ಲ ಅದರಲ್ಲಿ.”

ಅವಳು ತೋರಿಸಿದಳು. ಫೋನಿನಲ್ಲಿ ಹಳೆಯ ಹರಾಜುಗಳು ಸಿಗುತ್ತಿದ್ದವು. ಅತ್ತೆ ಒಂದೆರಡನ್ನು ನೋಡಿ ಕಣ್ಣು ಮುಚ್ಚಿದರು. ಆಗಲೇ ಮಾರಿಹೋದ ಸಾಮಾನಿಗೆ ಬೆಲೆ ಕಟ್ಟುವುದು ಅವರ ಕಸುಬಲ್ಲ. ಆಮೇಲೆ ಅವಳು ತಾನೇ ಕೂಗುವವಳಾದಳು. ಮನೆಯ ಚೊಂಬು, ಇಸ್ತ್ರಿಪೆಟ್ಟಿಗೆ, ಗಂಡನ ಹಳೆಯ ಬೂಟು, ಒಂದೊಂದನ್ನೇ ಹಾಸಿಗೆಯ ಮುಂದೆ ಎತ್ತಿ ಹಿಡಿದು, ನಾಚಿಕೆ ಬಿಟ್ಟು ಬೆಲೆ ಏರಿಸಿದಳು. ಮೊದಲ ದಿನ ಅತ್ತೆ ಬೂಟಿಗೆ ಎರಡು ಬಡಿದರು. ಅವಳಿಗೆ ಅಳು ಬರುವಷ್ಟು ಸಮಾಧಾನವಾಯಿತು. ಮರುದಿನ ಒಂದೂ ಇಲ್ಲ. ತನ್ನ ಮದುವೆಗೆ ಅತ್ತೆಯೇ ಚೌಕಾಸಿ ಮಾಡಿ, ಅಂಗಡಿಯವನ ಕಣ್ಣಲ್ಲಿ ನೀರು ತರಿಸಿ ಕೊಂಡಿದ್ದ ಸೀರೆಯನ್ನು ತಂದು ಬಿಚ್ಚಿದಳು. ಅಂದಿನ ಬೆಲೆಯ ಹತ್ತು ಪಟ್ಟು ಹೇಳಿದಳು. ಅತ್ತೆ ಸೀರೆಯ ಅಂಚನ್ನು ನೋಡಿದರು, ಅವಳ ಮುಖ ನೋಡಿದರು, ಪಕ್ಕದ ಗೋಡೆಯ ಕಡೆ ಮುಖ ಹೊರಳಿಸಿದರು.

ಗಂಜಿಗೂ ಬಡಿತ ನಿಂತಿತು. ಬೇಕು ಬೇಡ ಎರಡೂ ನಿಂತವು. ಬಾಯಿ ತೆರೆಸಿದರೆ ತೆರೆಯುತ್ತಿತ್ತು. ವ್ಯಾಯಾಮದ ಹೆಂಗಸು ಎಡಗೈಯ ಬೆರಳುಗಳನ್ನು ಬಿಡಿಸಲು ಹೋಗಿ, ಬಿಡಿಸಲಾರದೆ, ಉಂಗುರ ಬಿಗಿಯಾಗುತ್ತಿದೆ, ತೆಗೆದಿಡುವುದು ಒಳ್ಳೆಯದು ಎಂದಳು. ಸೋಪು ಹಚ್ಚಿ ಅವಳೇ ತೆಗೆದಳು. ಎಲ್ಲಿಡುವುದೆಂದು ತೋಚದೆ ಸೊಸೆ ಅದನ್ನು ತನ್ನ ಬೆರಳಿಗೆ ಹಾಕಿಕೊಂಡಳು. ಸಡಿಲವಾಗಿತ್ತು.

“ಟಿವಿ ಯಾಕೆ ಹಾಕ್ತಿಲ್ಲ ಈಗ?” ಎಂದು ಆ ಹೆಂಗಸು ಹೋಗುವಾಗ ಕೇಳಿದಳು. ಸೊಸೆ, “ಕೆಟ್ಟಿದೆ,” ಎಂದಳು.

ಒಂದು ಮಧ್ಯಾಹ್ನ ಅವಳು ಅತ್ತೆಯ ಹೊದಿಕೆ ಬದಲಿಸುತ್ತಿದ್ದಾಗ ಫೋನ್ ಬಂತು. ಶೀತ ಹೋಗಿತ್ತು, ಆದರೂ ದನಿಯ ಗುರುತು ಸಿಕ್ಕಿತು. ಅವನಿಗೆ ಅವಳ ಗುರುತು ಸಿಗಲಿಲ್ಲ.

“ನಮ್ಮನ್ನ ಬಿಟ್ಟು ಹೋದ ಗ್ರಾಹಕರಿಗೆ ಒಂದು ವಿಶೇಷ ದರ ಬಂದಿದೆ ಮೇಡಂ. ನಿಮ್ಮ ಹಳೇ ಚಾನೆಲ್‌ಗಳೆಲ್ಲ ಇರುತ್ತೆ. ಅರ್ಧ ಬೆಲೆ. ಮುಂಗಡ ಏನೂ ಇಲ್ಲ.”

ಅಂಗಡಿಯವನು ಕೂಗಿದ್ದ. ಅವಳು ಫೋನನ್ನು ಸ್ಪೀಕರಿಗೆ ಹಾಕಿ ಅತ್ತೆಯ ದಿಂಬಿನ ಪಕ್ಕ ಹಿಡಿದಳು. “ಇನ್ನೊಂದು ಸಲ ಹೇಳಿ,” ಎಂದಳು. ಅವನು ಇನ್ನೊಂದು ಸಲ ಹೇಳಿದ. ಅವಳು ಅತ್ತೆಯ ಎಡಗೈಯನ್ನು ನೋಡಿದಳು. ಮಡಚಿಕೊಂಡ ಬೆರಳುಗಳು ಹೊದಿಕೆಯ ಮೇಲೆ ಇಟ್ಟಲ್ಲೇ ಇದ್ದವು.

“ಮೇಡಂ, ಯೋಚನೆ ಮಾಡ್ತಿದ್ದೀರಾ? ಬೇಕಾದ್ರೆ ಇನ್ನೂ ಸ್ವಲ್ಪ ಕೇಳಿ ನೋಡ್ತೀನಿ ಮೇಲಿನವರನ್ನ.”

“ಬೇಡ. ನೀವು ಹೇಳಿದ ಬೆಲೆಗೇ ಹಾಕಿ.”

ಸಂಜೆಯೊಳಗೆ ಪೆಟ್ಟಿಗೆಯ ಕೆಂಪು ದೀಪ ಹಸಿರಾಯಿತು. ಅವಳು ಅತ್ತೆಯ ಬೆನ್ನಿಗೆ ಎರಡು ದಿಂಬು ಕೊಟ್ಟು ಪರದೆಯ ಕಡೆ ತಿರುಗಿಸಿದಳು. ಅದೇ ಮೇಜು, ಅದೇ ಕೂಗುವವನು. ಯಾರದೋ ಅಡುಗೆಮನೆಯ ಪಿಂಗಾಣಿ ಬಟ್ಟಲುಗಳ ಜೋಡಿ ಬಂದಿತ್ತು, ಒಂದರ ಅಂಚು ಹಾರಿಹೋಗಿತ್ತು. ಬೆಲೆ ಏರಿತು. ಅತ್ತೆಯ ಕಣ್ಣು ತೆರೆದೇ ಇತ್ತು. ಬಟ್ಟಲುಗಳ ಬೆಳಕು ಅದರಲ್ಲಿ ಬಿದ್ದಿತ್ತು, ಅಷ್ಟೆ. ಬೆಲೆ ಇನ್ನೂ ಏರಿತು. ಅಷ್ಟು ಬಾಳುವ ಬಟ್ಟಲುಗಳಲ್ಲ ಎಂದು ಸೊಸೆಗೂ ಗೊತ್ತಾಗುತ್ತಿತ್ತು. ಅವಳು ಇನ್ನಷ್ಟು ಹೊತ್ತು ಕಾದಳು. ಆಮೇಲೆ ಕೈ ಚಾಚಿ ಕಂಬಿಗೆ ಉಂಗುರ ತಾಗಿಸಿದಳು.

ಟಣ್ ಟಣ್.

ಹೊರಗಿನ ಕೋಣೆಯಲ್ಲಿ ಗಂಡ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದ. ಸದ್ದು ಕೇಳಿ ನಿಂತ.

“ಅಮ್ಮ ಶುರು ಮಾಡಿದ್ಲಾ?” ಎಂದ. ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ನಗು ಇತ್ತು. “ನೋಡಿದ್ಯಾ? ಕೊನೆಗೂ ಅರ್ಧಕ್ಕೇ ಬಂತು. ಆವತ್ತು ಒಪ್ಪಿಕೊಂಡಿದ್ರೆ ಮೋಸ ಹೋಗ್ತಿದ್ದೆ.”

ಅವನು ಮುಖ ತೊಳೆಯಲು ನೀರು ಬಿಟ್ಟ ಸದ್ದಾಯಿತು. ಪರದೆಯ ಮೇಲೆ ಮುಂದಿನ ಸಾಮಾನು ಬಂದಿತು, ಕನ್ನಡಿಯಿಲ್ಲದ ಒಂದು ಕನ್ನಡಿಯ ಚೌಕಟ್ಟು. ಅವಳು ಕಣ್ಣು ಕಿರಿದು ಮಾಡಿ ಅದನ್ನು ನೋಡುತ್ತಾ, ಕೈಯನ್ನು ಕಂಬಿಯ ಹತ್ತಿರವೇ ಇಟ್ಟುಕೊಂಡು ಕೂತಳು.